ಮೋರಿ ಎಂದರೆ ಕಾಡು

ಸೋಮವಾರ ಕೆಂಪು, ಮಂಗಳವಾರ ನೀಲಿ, ಬುಧವಾರ ಅರಿಸಿನ ಕದಡಿದ ಹಾಗೆ ಹಳದಿ. ಗುರುವಾರ ಯಾರ ಹಂಡೆಯಲ್ಲಿ ಏನು ಕುದಿಯುತ್ತಿತ್ತೋ, ಎಲ್ಲ ಬೆರೆತು ಮಾಗದ ಗಾಯದ ಬಣ್ಣ. ನಮ್ಮ ಹಿತ್ತಿಲ ಮೋರಿ ಹೀಗೆ ವಾರವಿಡೀ ಬಣ್ಣ ಬದಲಿಸುತ್ತ ಹರಿಯುತ್ತಿತ್ತು. ಆ ಊರಿನಲ್ಲಿ ಪಂಚಾಂಗ ನೋಡಿ ವಾರ ಹೇಳುವವರಿಗಿಂತ ಮೋರಿ ನೋಡಿ ಹೇಳುವವರೇ ಹೆಚ್ಚು. ಮದುವೆಯಾಗಿ ಬಂದ ಮರುದಿನ ಅಡುಗೆಮನೆಯ ಕಿಟಕಿ ತೆಗೆದವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಅಲ್ಲೇ ಕುಸಿದು ಕುಳಿತೆ. ಕೊಳೆತ ಮೊಟ್ಟೆ, ಸುಣ್ಣ, ಸುಟ್ಟ ಕೂದಲು, ಎಲ್ಲ ಒಂದೇ ಗಾಳಿಯಲ್ಲಿ. ಅತ್ತೆ ನಕ್ಕರು. ಇನ್ನು ಹದಿನೈದು ದಿನ ತಾಳು, ಆಮೇಲೆ ನಿನಗೆ ಮೂಗು ಇರುವುದೇ ಮರೆತುಹೋಗುತ್ತದೆ ಎಂದರು. ಹದಿನೈದು ವರ್ಷ ಕಳೆದರೂ ನನಗೆ ಮರೆಯಲಿಲ್ಲ. ದಿನಾ ಬೆಳಿಗ್ಗೆ ಆ ಕಿಟಕಿ ತೆಗೆಯುವಾಗ ಸೆರಗು ತಾನಾಗಿ ಮೂಗಿಗೆ ಹೋಗುತ್ತಿತ್ತು.

ನಮ್ಮದು ಬಣ್ಣಗಾರರ ಕೇರಿ. ಸೀರೆ ನೇಯುವವರಿಗೆ ನೂಲಿಗೆ ಬಣ್ಣ ಹಾಕಿಕೊಡುವುದು ಕಸುಬು. ಹನ್ನೆರಡು ಮನೆ, ಹನ್ನೆರಡು ಮನೆಯ ಹಂಡೆಗಳ ನೀರೂ ಒಂದೇ ಮೋರಿಗೆ. ಅದು ಇಳಿಜಾರು ಹಿಡಿದು ಕೆಳಗಿನ ಕೇರಿಗೆ ಹೋಗಿ, ಅಲ್ಲಿಯ ಬಾವಿಯ ಪಕ್ಕದ ತಗ್ಗಿನಲ್ಲಿ ನಿಲ್ಲುತ್ತಿತ್ತು. ನಿಂತ ಮೇಲೆ ಏನಾಗುತ್ತದೆ ಎಂದು ನಮ್ಮ ಕೇರಿಯಲ್ಲಿ ಯಾರೂ ಕೇಳುತ್ತಿರಲಿಲ್ಲ. ನಮ್ಮ ಬಾವಿ ಮೇಲಿತ್ತು, ಸಿಹಿನೀರು.

ಮಾವ ಮುರಿಗೆಪ್ಪನವರು ಕೇರಿಗೆ ಹಿರಿಯರು. ಬೆರಳ ತುದಿಯಿಂದ ಮೊಣಕೈವರೆಗೆ ನೀಲಿ, ಪೂಜೆಗೆ ಕುಳಿತಾಗಲೂ ನೀಲಿ. ಒಳ್ಳೆಯ ಮನುಷ್ಯರಲ್ಲ ಎಂದರೆ ನನ್ನ ನಾಲಗೆಗೆ ಹುಳ ಬೀಳುತ್ತದೆ. ನನ್ನನ್ನು ಒಂದು ದಿನವೂ ಗದರಿದವರಲ್ಲ, ಉಂಡೆಯಾ ಎಂದು ಕೇಳದೆ ತಾವು ಉಣ್ಣಲು ಕುಳಿತವರಲ್ಲ. ಆದರೆ ಯಾರಾದರೂ ಮೋರಿಯ ಮಾತು ತೆಗೆದರೆ ಮುಖ ಬಿಗಿಯುತ್ತಿತ್ತು. ಅದು ಲಕ್ಷ್ಮಿ ಕಾಲು ತೊಳೆದ ನೀರು ಎನ್ನುವರು. ಲಕ್ಷ್ಮಿ ನಮ್ಮ ಮನೆಯಲ್ಲಿ ಕಾಲು ತೊಳೆದುಕೊಳ್ಳಬೇಕು, ಆ ನೀರು ಕೆಳಗಿನ ಕೇರಿಗೆ ಹೋಗಬೇಕು. ಥೂ, ಈಗ ನೆನೆದರೂ ಬಾಯಿ ಕಹಿಯಾಗುತ್ತದೆ.

ಕೆಳಗಿನ ಕೇರಿಯಿಂದ ಕಾಶವ್ವ ದಿನಾ ನಮ್ಮಲ್ಲಿಗೆ ಬರುತ್ತಿದ್ದಳು. ಬಣ್ಣದಿಂದ ತೆಗೆದ ನೂಲಿನ ಲಡಿಗಳನ್ನು ತೊಳೆದು ಹಿಂಡಿ, ಒಣಗಲು ಬಿದಿರಿನ ಗಳುವಿಗೆ ಹಾಕುವುದು ಮೂವತ್ತು ವರ್ಷದಿಂದ ಅವಳ ಕೆಲಸ. ಬೆರಳ ಸಂದಿಯೆಲ್ಲ ಸೀಳಿ ಬಿಳಿಚಿಕೊಂಡಿತ್ತು. ಅವಳಿಗೊಬ್ಬಳು ಮೊಮ್ಮಗಳು, ಸಾವಂತ್ರಿ, ಏಳೆಂಟು ವರ್ಷದ್ದು. ತಿಂಗಳಲ್ಲಿ ಹತ್ತು ದಿನ ಹೊಟ್ಟೆ ಹಿಡಿದುಕೊಂಡು ಮಲಗಿರುತ್ತದೆ ಎಂದು ಕಾಶವ್ವ ಲಡಿ ಹಿಂಡುತ್ತಲೇ ಹೇಳುವಳು. ಮೋರಿಯನ್ನು ಪೂರ್ವದ ಬಂಡೆಗಾಡಿನ ಕಡೆ ತಿರುಗಿಸಿ, ಅಲ್ಲೊಂದು ಇಂಗುಗುಂಡಿ ತೋಡಿ ಎಂದು ಅವಳ ಕೇರಿಯವರು ಕೇಳಿ ಕೇಳಿ ಸೋತಿದ್ದರು. ನಾನು ಬಂದ ಹದಿನೈದನೆಯ ವರ್ಷ ಮಾತ್ರ ಪುರಸಭೆಯಿಂದ ಒಬ್ಬರು ಬಂದು ಟೇಪು ಹಿಡಿದು ಅಳೆದುಕೊಂಡು ಹೋದರು. ದೀಪಾವಳಿ ಕಳೆದ ಮೇಲಿನ ಸಭೆಯಲ್ಲಿ ತೀರ್ಮಾನವಾಗುತ್ತದೆ ಎಂದರು. ಆ ಮಾತು ಕೇಳಿದ ದಿನ ಕಾಶವ್ವ ಲಡಿ ತೊಳೆಯುವಾಗ ಹಾಡು ಹೇಳಿದ್ದನ್ನು ನಾನು ಕೇಳಿದ್ದೇನೆ.

ಹಿಸಾಯೆ ಬಂದದ್ದು ಆ ಸಭೆಗೆ ಐದಾರು ತಿಂಗಳು ಮುಂಚೆ.

ಜಪಾನಿನವಳು. ಅಲ್ಲಿಯವರು ತೊಡುವ ಕಿಮೋನೊ ಎಂಬ ನಿಲುವಂಗಿಗೆ ಬಣ್ಣ ಹಾಕುವ ಮನೆತನ, ಅಪ್ಪ ಅಜ್ಜ ಎಲ್ಲರದೂ ಅದೇ ಕಸುಬು. ಐವತ್ತರ ಆಸುಪಾಸು, ಹತ್ತಿಯ ಸಡಿಲ ಅಂಗಿ, ಹೆಗಲಿಗೊಂದು ಚೀಲ. ವರ್ಷಕ್ಕೊಂದು ದೇಶ ತಿರುಗಿ, ಕಂಡದ್ದರಲ್ಲಿ ಒಂದನ್ನೇ ಹಿಡಿದುಕೊಂಡು ಹೋಗಿ ಕಿಮೋನೊದ ಮೇಲೆ ಇಳಿಸುವುದು ಆಕೆಯ ಪದ್ಧತಿ. ಒಂದು ದೇಶಕ್ಕೆ ಒಂದೇ ಕಿಮೋನೊ. ನಮ್ಮ ನಾಡಿನ ಒಂದು ನೇಯ್ಗೆ ಶಾಲೆಯಲ್ಲಿ ಎಂಟು ತಿಂಗಳಿದ್ದು, ಕನ್ನಡವನ್ನು ಪುಸ್ತಕ ಇಟ್ಟುಕೊಂಡು ಕಲಿತಿದ್ದಳು. ಎಮ್ಮೆ ಕಾಯುವವನನ್ನೂ ನಿಲ್ಲಿಸಿ, ತಾವು ಊಟ ಮಾಡಿದಿರಾ ಎಂದು ಕೇಳುವಳು. ಕೇರಿಯವರ ಬಾಯಲ್ಲಿ ಹಿಸಾಯೆ ಎರಡೇ ದಿನಕ್ಕೆ ಈಸವ್ವ ಆದಳು. ನಮ್ಮ ಮಹಡಿಯ ಕೋಣೆಯಲ್ಲಿ ಇಳಿದುಕೊಂಡಳು, ನಾನು ಮಾಡಿದ ಜೋಳದ ರೊಟ್ಟಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ತಲೆಬಾಗಿ ತಿಂದಳು.

ಮೊದಲ ಎರಡು ದಿನ ನನಗೆ ಆಕೆಯ ಮೇಲೆ ಎಂಥ ಮೋಹ! ಬಿಳಿ ರೇಷ್ಮೆಯ ತುಂಡು ಹಾಸಿಕೊಂಡು ತನ್ನ ಕೆಲಸ ತೋರಿಸಿದಳು. ಯಾವುದೋ ಚಿಕ್ಕ ನೀಲಿ ಹೂವಿನ ರಸದಿಂದ ಗೆರೆ ಬಿಡಿಸುವುದು, ಅದು ನೀರು ತಾಗಿದರೆ ಮಾಯ. ಆ ಗೆರೆಯ ಮೇಲೆ ಅಕ್ಕಿಹಿಟ್ಟಿನ ಅಂಟನ್ನು ಕಾಗದದ ಕೊಳವೆಯಲ್ಲಿ ತುಂಬಿ, ನಾವು ಜಿಲೇಬಿ ಹಿಂಡುವ ಹಾಗೆ ಹಿಂಡಿಕೊಂಡು ಹೋಗುವುದು. ಅಂಟಿನ ಬೇಲಿಯೊಳಗೆ ಕುಂಚದಿಂದ ಬಣ್ಣ ತುಂಬಿ, ಹಬೆಯಲ್ಲಿ ಬೇಯಿಸಿ, ಕೊನೆಗೆ ನೀರಿನಲ್ಲಿ ತೊಳೆದರೆ ಅಂಟು ಹೋಗಿ ಬಿಳಿ ಗೆರೆ ಉಳಿಯುತ್ತದೆ. ಹಿಂದೆ ತನ್ನ ಊರಿನಲ್ಲಿ ಆ ಉದ್ದುದ್ದ ಬಟ್ಟೆಗಳನ್ನು ನದಿಯಲ್ಲೇ ತೇಲಿಬಿಟ್ಟು ತೊಳೆಯುತ್ತಿದ್ದರಂತೆ, ಜನ ಸೇತುವೆಯ ಮೇಲೆ ನಿಂತು ನೋಡುತ್ತಿದ್ದರಂತೆ. ಆಮೇಲೆ ನದಿ ಕೆಟ್ಟಿತು. ತೊಳೆಯಬಾರದು ಎಂದಾಯಿತು. ತನ್ನ ಅಪ್ಪ ಅಂದು ನದಿಯ ದಂಡೆಯಲ್ಲಿ ಕುಳಿತು ಅತ್ತರು, ಆದರೆ ಮತ್ತೆ ಬಟ್ಟೆ ಇಳಿಸಲಿಲ್ಲ ಎಂದಳು. ಈ ಮಾತನ್ನು ನಾನು ಚೆನ್ನಾಗಿ ಕೇಳಿಸಿಕೊಂಡಿದ್ದೆ. ಕೇಳಿಸಲಿಲ್ಲ, ತಿಳಿಯಲಿಲ್ಲ ಎನ್ನುವ ನೆಪ ನನಗಿಲ್ಲ.

ಮಾವ ಆಕೆಗೆ ಕೋಟೆ ತೋರಿಸಿದರು, ಗುಡಿಯ ಕಂಬ ತೋರಿಸಿದರು, ಪೆಟ್ಟಿಗೆಯಿಂದ ಅಜ್ಜಿಯ ಕಾಲದ ಸೆರಗು ತೆಗೆಸಿ ತೋರಿಸಿದರು. ಆಕೆ ಎಲ್ಲಕ್ಕೂ ಬಾಗಿ ನಮಸ್ಕರಿಸಿದಳೇ ಹೊರತು ಚೀಲದಿಂದ ಚಿತ್ರ ಬಿಡಿಸುವ ಪುಸ್ತಕ ತೆಗೆಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕಾಫಿ ಕೊಡಲು ಹುಡುಕಿದರೆ ಹಿತ್ತಿಲಲ್ಲಿ, ಮೋರಿಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತಿದ್ದಳು. ಮೊಣಕಾಲ ಮೇಲೆ ಪುಸ್ತಕ. ಅಂದು ಗುರುವಾರ.

ಕೆಂಪು ನೀರಿನ ಅಂಚಿಗೆ ನೀಲಿ ಸುತ್ತಿಕೊಂಡು, ನೊರೆ ಕಟ್ಟಿ, ನೊರೆಯ ಮೇಲೆ ಎಣ್ಣೆಯ ಪೊರೆ ಹೊಳೆಯುತ್ತಿತ್ತು. ಆಕೆ ಕಣ್ಣು ಮಿಟುಕಿಸದೆ ಬಿಡಿಸುತ್ತಿದ್ದಳು. ಒಂದು ಇಲಿ ಸತ್ತು ಊದಿಕೊಂಡು ತೇಲಿ ಬಂತು. ಅದು ದಾಟಿ ಹೋಗುವವರೆಗೆ ಕುಂಚ ಎತ್ತಿ ಹಿಡಿದು, ಹೋದ ಮೇಲೆ ಮತ್ತೆ ಶುರು ಮಾಡಿದಳು. ಇಲಿಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಪುಸ್ತಕಕ್ಕೆ ಹೋಯಿತು. ನನಗೆ ಅಸಹ್ಯವಾಯಿತು. ಹೇಲಿನ ಗುಂಡಿಯ ಮೇಲೆ ರಂಗೋಲಿ ಹಾಕುವುದನ್ನು ನೋಡಿದರೆ ಆಗುವಂಥ ಅಸಹ್ಯ. ನಾಲ್ಕು ದಿನ ಆಕೆ ಅಲ್ಲೇ ಕುಳಿತಳು. ಕೇರಿಯ ಹೆಂಗಸರು ಹಿತ್ತಿಲ ಗೋಡೆಯ ಮೇಲಿಂದ ಇಣುಕಿ, ಈಸವ್ವನಿಗೆ ನಮ್ಮ ಗಬ್ಬೇ ಗಂಧ ಆಗಿದೆ ಎಂದು ನಗಾಡಿದರು.

ಹಾಗೆ ಕುಳಿತ ಎರಡನೆಯ ದಿನವೋ ಮೂರನೆಯ ದಿನವೋ ನನ್ನನ್ನು ಕರೆದು, ನೀರಿನತ್ತ ಬೆರಳು ಮಾಡಿ ಕೇಳಿದಳು.

"ಇದರ ಹೆಸರು ಏನು?"

ಸೆರಗು ಮೂಗಿನಿಂದ ತೆಗೆಯದೆಯೇ ಹೇಳಿದೆ. "ಮೋರಿ."

ಆಕೆಯ ಮುಖ ಅರಳಿತು. ನಾನು ತಪ್ಪು ಹೇಳಿದೆನೇನೋ ಎಂಬಂತೆ ಮತ್ತೊಮ್ಮೆ ಹೇಳಿಸಿದಳು, ಪುಸ್ತಕದ ಮೂಲೆಯಲ್ಲಿ ಬರೆದುಕೊಂಡಳು.

"ನಮ್ಮ ಭಾಷೆಯಲ್ಲಿಯೂ ಮೋರಿ ಇದೆ. ಮೋರಿ ಎಂದರೆ ಕಾಡು. ಮರಗಳು ಇರುವ ಕಾಡು."

ನಾನು ನಕ್ಕುಬಿಟ್ಟೆ. ಆಕೆಯೂ ನಕ್ಕಳು. ಆಮೇಲೆ ನಗು ನಿಲ್ಲಿಸಿ, ಇಳಿಜಾರಿನ ಕಡೆ ನೋಡುತ್ತ ಇನ್ನೊಂದು ಪ್ರಶ್ನೆ ಕೇಳಿದಳು. ಅದಕ್ಕೆ ನಾನು ಒಂದು ಉತ್ತರ ಕೊಟ್ಟು ಒಳಗೆ ಬಂದೆ. ಏನು ಹೇಳಿದೆ ಎನ್ನುವುದನ್ನು ಸ್ವಲ್ಪ ತಡೆದು ಹೇಳುತ್ತೇನೆ. ಇಷ್ಟು ವರ್ಷವಾದ ಮೇಲೂ ಅದು ನಾಲಗೆಯ ಮೇಲೆ ಸಲೀಸಾಗಿ ಬರುವುದಿಲ್ಲ.

ಆಕೆ ಹೋದಳು. ಸಭೆಗೆ ನಾಲ್ಕು ದಿನವಿರುವಾಗ ಮಾವನವರ ಹೆಸರಿಗೆ ಒಂದು ಪಾರ್ಸೆಲು ಬಂತು. ಒಳಗೆ ದಪ್ಪ ಕಾಗದದ ಪುಸ್ತಕ, ಅದರಲ್ಲೊಂದು ಕಿಮೋನೊದ ಚಿತ್ರ. ಮಾವ ಜಗುಲಿಯಲ್ಲಿ ಎಲ್ಲರನ್ನೂ ಕೂಡಿಸಿ ತೋರಿಸಿದರು. ಮೇಲುಭಾಗವೆಲ್ಲ ಬೆಳಗಿನ ಜಾವದ ಬೂದು. ಮೊಣಕಾಲಿನಿಂದ ಕೆಳಗೆ ಕೆಂಪು, ನೀಲಿ, ಹಳದಿ ಒಂದರೊಳಗೊಂದು ಸುಳಿದು ಇಳಿಯುತ್ತಿದ್ದವು. ನೊರೆ ಇದ್ದಲ್ಲಿ ಬಿಳಿ ಗೆರೆಗಳ ಬೇರು, ಎಣ್ಣೆಯ ಪೊರೆ ಇದ್ದಲ್ಲಿ ಎಲೆಯ ಮೇಲೆ ಬಿಸಿಲು ಬಿದ್ದ ಮಿನುಗು. ಸುಳ್ಳೇಕೆ ಹೇಳಲಿ, ನೋಡಿದೊಡನೆ ನನ್ನ ಜೀವ ಝಲ್ಲೆಂದಿತು. ಅಷ್ಟು ಚಂದದ್ದನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ. ಮರುಗಳಿಗೆಗೆ ಅದು ಯಾವ ನೀರು ಎಂದು ನೆನಪಾಗಿ, ಎದ್ದು ಹಿತ್ತಿಲಿಗೆ ಓಡಿ ವಾಂತಿ ಮಾಡಿದೆ. ಅತ್ತೆ ಬೇರೇನೋ ಸಿಹಿಸುದ್ದಿ ಎಂದುಕೊಂಡು ಬೆನ್ನು ಸವರಿದರು.

ಚಿತ್ರದ ಜೊತೆ ಒಂದು ಹಾಳೆ ಇತ್ತು, ಈಸವ್ವನ ಸ್ವಂತ ಕೈಬರಹದ ಕನ್ನಡ. ಅದನ್ನು ಮಾವ ಯಾರಿಗೂ ಕೊಡದೆ ಜೇಬಿನಲ್ಲಿಟ್ಟುಕೊಂಡರು. ತೆಗೆದು ಓದಿದ್ದು ಸಭೆಯಲ್ಲಿ.

ಸಭೆಗೆ ಎರಡೂ ಕೇರಿಯವರು ಬಂದಿದ್ದರು. ಹೆಂಗಸರೆಲ್ಲ ಹಿಂದಿನ ಬಾಗಿಲ ಬಳಿ. ಕಾಶವ್ವ ನನ್ನಿಂದ ಎರಡು ಮಾರು ದೂರದಲ್ಲಿ ಕುಳಿತಿದ್ದಳು, ಒಗೆದ ಸೀರೆ ಉಟ್ಟು. ಅಳೆದುಕೊಂಡು ಹೋದವರು ನಕ್ಷೆ ಬಿಡಿಸಿಟ್ಟರು. ಇನ್ನೇನು ಕೈ ಎತ್ತಬೇಕು, ಮಾವ ಎದ್ದುನಿಂತು ಪುಸ್ತಕವನ್ನು ಅಧ್ಯಕ್ಷರ ಮುಂದಿಟ್ಟರು. ಪುಸ್ತಕ ಕೈಯಿಂದ ಕೈಗೆ ಹೋಯಿತು. ಮಾವ ಕನ್ನಡಕ ಏರಿಸಿಕೊಂಡು ಹಾಳೆ ಓದಿದರು:

"ಈ ಬಟ್ಟೆಯ ಹೆಸರು ಮೋರಿ. ನಮ್ಮ ಭಾಷೆಯಲ್ಲಿ ಕಾಡು. ಬಣ್ಣಗಾರರ ಮನೆಗಳ ನೀರು ಇಲ್ಲಿ ಹರಿಯುತ್ತದೆ. ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆನು. ಕೆಳಗೆ ಮಲ್ಲಿಗೆಯ ತೋಟ ಇದೆ, ನೀರನ್ನು ಹೂವುಗಳು ಕುಡಿಯುತ್ತವೆ ಎಂದು ಮನೆಯ ಸೊಸೆ ಹೇಳಿದರು."

ಇದೇ ನಾನು ಕೊಟ್ಟ ಉತ್ತರ. ಮಲ್ಲಿಗೆಯ ತೋಟ. ಕೆಳಗಿನ ಕೇರಿಯಲ್ಲಿ ಒಂದು ತುಂಬೆಗಿಡವೂ ಚಿಗುರುತ್ತಿರಲಿಲ್ಲ. ಪರದೇಶದವಳ ಮುಂದೆ ಮನೆಯ ಮಾನ ಹೋಗಬಾರದು ಎಂದು, ಒಂದು ಗಳಿಗೆ ಯೋಚಿಸದೆ ಹೇಳಿದ ಮಾತು. ಅತ್ತೆ ನನಗೆ ಮೊದಲ ವರ್ಷವೇ ಕಲಿಸಿದ್ದರು, ಬಾಯಿ ಬಿಟ್ಟರೆ ಬಣ್ಣಗೇಡು ಎಂದು. ಬಣ್ಣಗಾರರ ಮನೆಯಲ್ಲಿ ಆ ಗಾದೆಗೆ ಬೇರೆಯೇ ತೂಕ.

ಸಭೆಯೆಲ್ಲ ಹಿಂದೆ ತಿರುಗಿ ನನ್ನನ್ನು ನೋಡಿತು. ಅಧ್ಯಕ್ಷರು ಕನಿಕರದ ದನಿಯಲ್ಲೇ ಕೇಳಿದರು.

"ಹೌದೇನವಾ? ಇದನ್ನ ನೀನ ಹೇಳಿದ್ದೇನು?"

ಹೌದು, ಹೇಳಿದ್ದು ನಾನೇ, ಹೇಳಿದ್ದು ಸುಳ್ಳು. ಎರಡು ಮಾತು. ಮೊದಲನೆಯದಕ್ಕೆ ತಲೆಯಾಡಿಸಿದೆ, ಎರಡನೆಯದನ್ನು ಹೇಳಲಿಲ್ಲ. ಮಾವ ನನ್ನ ಕಡೆ ನೋಡಿ ಕಣ್ಣಲ್ಲೇ ಶಹಬಾಸ್ ಎಂದರು. ಆ ನೋಟ ನನ್ನ ಮೈಮೇಲೆ ಹಲ್ಲಿ ಬಿದ್ದ ಹಾಗಾಯಿತು.

ಕಾಶವ್ವ ಎದ್ದು ಮುಂದೆ ಹೋಗಿ, ತನಗೂ ಪುಸ್ತಕ ತೋರಿಸಿ ಎಂದಳು. ಯಾರೋ ನಕ್ಕರು. ಕೈ ಒರೆಸಿಕೊಂಡು ಹಿಡಿದು, ಬಹಳ ಹೊತ್ತು ನೋಡಿದಳು.

"ಭಾಳ ಛಂದ ಐತ್ರಿ," ಎಂದಳು. "ಇದಕ್ಕ ನಾತ ಒಂದು ಇಲ್ಲ ನೋಡ್ರಿ."

ಪುಸ್ತಕ ಹಿಂದಿರುಗಿಸಿ ಬಂದು ಕುಳಿತಳು. ಇಷ್ಟು ಕೀರ್ತಿ ತಂದ ಮೋರಿಯನ್ನು ಅವಸರದಲ್ಲಿ ತಿರುಗಿಸುವುದು ಬೇಡ, ನಾಳೆ ಹೊರದೇಶದವರು ನೋಡಲು ಬಂದರೆ ಏನು ತೋರಿಸುವುದು ಎಂದು ಒಬ್ಬರು ಕೇಳಿದರು. ಉಳಿದವರು ತಲೆದೂಗಿದರು. ನಕ್ಷೆ ಸುತ್ತಿ ಎತ್ತಿಟ್ಟರು. ಮಾವ ಅಂದು ಕೇರಿಗೆಲ್ಲ ಪೇಡೆ ಹಂಚಿಸಿದರು. ಹಂಚಿದವಳು ನಾನೇ.

ಅಂದಿನಿಂದ ನನಗೆ ಅನ್ನ ಸೇರದಾಯಿತು. ಹದಿನೈದು ವರ್ಷ ಮೋರಿಯ ನಾತಕ್ಕೆ ಮೂಗು ಮುಚ್ಚಿದವಳಿಗೆ ಈಗ ನನ್ನದೇ ಬಾಯಿಯಿಂದ ಅದೇ ನಾತ ಬಂದ ಹಾಗಿತ್ತು. ಹಲ್ಲುಜ್ಜಿದೆ, ಲವಂಗ ಅಗಿದೆ, ಹೋಗಲಿಲ್ಲ. ಕಾಶವ್ವ ಮರುದಿನವೂ ಬಂದಳು, ಲಡಿ ತೊಳೆದಳು. ನನ್ನನ್ನು ಬೈಯಲಿಲ್ಲ, ನನ್ನತ್ತ ನೋಡಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಮ್ಮ ಕಸುಬಿನಲ್ಲಿ ದೂರದವರೊಡನೆ ವ್ಯವಹಾರವೆಲ್ಲ ಬಟ್ಟೆಯ ತುಂಡಿನ ಮೂಲಕ. ಬಣ್ಣ ಹೇಗೆ ಕೂತಿದೆ ಎಂದು ಕಾಗದದಲ್ಲಿ ಬರೆಯುವುದಿಲ್ಲ, ಗೇಣುದ್ದದ ತುಂಡಿಗೆ ಹಾಕಿ ಕಳಿಸುತ್ತೇವೆ. ಮೂರು ನೀರಿನಲ್ಲಿ ತೊಳೆಯದೆ ತುಂಡು ಕಳಿಸಬಾರದು ಎನ್ನುವುದು ಕೇರಿಯ ಕಟ್ಟಳೆ. ಒಂದು ಗುರುವಾರ ಮಧ್ಯಾಹ್ನ, ಮಾವ ಮಲಗಿದ್ದಾಗ, ಬಿಳಿ ಬಟ್ಟೆಯ ತುಂಡು ಹಿಡಿದು ಮೋರಿಯ ಗುಂಟ ಇಳಿದು ಹೋದೆ. ಆ ಮನೆಗೆ ಬಂದ ಮೇಲೆ ಕೆಳಗಿನ ಕೇರಿಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಬಾವಿಯ ಪಕ್ಕದ ತಗ್ಗಿನಲ್ಲಿ, ನೊಣ ಮುತ್ತಿದ ಕೆಸರಿನಲ್ಲಿ ತುಂಡನ್ನು ಮುಳುಗಿಸಿ ತೆಗೆದೆ. ಒಂದು ನೀರಿನಲ್ಲೂ ತೊಳೆಯಲಿಲ್ಲ. ಹಸಿಯಾಗಿಯೇ ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಕಟ್ಟಿ, ಒಳಗೊಂದು ಚೀಟಿ ಇಟ್ಟೆ: "ಮೋರಿ ಎಂದರೆ ಕಾಡಲ್ಲ. ಮಲ್ಲಿಗೆ ತೋಟ ಇಲ್ಲ. ಇದನ್ನು ಮನುಷ್ಯರು ಕುಡಿಯುತ್ತಾರೆ. ನಾನು ಸುಳ್ಳು ಹೇಳಿದೆ." ಈಸವ್ವನ ಪಾರ್ಸೆಲಿನ ಮೇಲಿದ್ದ ವಿಳಾಸ ನೋಡಿ ಬರೆದು ಕೊಟ್ಟರೆ, ಅಂಚೆ ಕಚೇರಿಯಲ್ಲಿ ಇದೇನು ವಾಸನೆ ಎಂದು ಕೇಳಿದರು. ಬಣ್ಣದ ಮಾದರಿ ಎಂದೆ.

ಎರಡು ತಿಂಗಳ ಮೇಲೆ ಒಂದು ಪೊಟ್ಟಣ ಬಂತು, ಈ ಸಲ ನನ್ನ ಹೆಸರಿಗೆ. ಒಳಗೆ ರೇಷ್ಮೆಯ ಉದ್ದನೆಯ ಪಟ್ಟಿ. ಕಿಮೋನೊವನ್ನು ನೇರ ಪಟ್ಟಿಗಳನ್ನು ಕೂಡಿಸಿ ಹೊಲಿದಿರುತ್ತಾರಂತೆ. ತೊಳೆಯಬೇಕಾದಾಗ ಹೊಲಿಗೆಯನ್ನೆಲ್ಲ ಬಿಚ್ಚಿ ಬಿಡಿ ಮಾಡುತ್ತಾರಂತೆ. ಈಸವ್ವ ಮೋರಿ ಎಂದು ಹೆಸರಿಟ್ಟಿದ್ದ ಕಿಮೋನೊವನ್ನು ಬಿಚ್ಚಿ, ಅದರ ಒಂದು ಪಟ್ಟಿಯನ್ನು ಕಳಿಸಿದ್ದಳು. ಕೆಂಪು, ನೀಲಿ, ಹಳದಿ, ಬಿಳಿ ಬೇರುಗಳು, ಎಲ್ಲ ಚಿತ್ರದಲ್ಲಿದ್ದುದಕ್ಕಿಂತ ಹತ್ತರಷ್ಟು ಜೀವಂತ. ಕಾಗದ ಚಿಕ್ಕದಿತ್ತು.

"ನಿಮ್ಮ ತುಂಡು ಬಂದಿತು. ತೆರೆದೆನು, ನನ್ನ ಮನೆಯವರೆಲ್ಲ ಹೊರಗೆ ಓಡಿದರು. ನೀವು ಒಂದು ಸುಳ್ಳು ಹೇಳಿದಿರಿ. ನಾನು ನಾಲ್ಕು ದಿನ ಅಲ್ಲಿ ಕುಳಿತೆನು. ಮೂಗು ನನಗೆ ನಿಜವನ್ನು ಹೇಳಿತು, ಸುಮ್ಮನಿರು ಎಂದು ಕಣ್ಣು ಹೇಳಿತು. ಆದ್ದರಿಂದ ನನ್ನ ಸುಳ್ಳು ದೊಡ್ಡದು. ಈ ಕಿಮೋನೊ ಈಗ ಇಲ್ಲ. ಈ ಪಟ್ಟಿಯನ್ನು ಆ ನೀರನ್ನು ಕುಡಿಯುವವರಿಗೆ ಕೊಡಿರಿ. ಅವರು ಏನು ಬೇಕಾದರೂ ಮಾಡಲಿ."

ಅಂದೇ ಅದನ್ನು ಎತ್ತಿಕೊಂಡು ಕಾಶವ್ವನ ಮನೆಗೆ ಹೋದೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಎಂತೆಂಥ ಯೋಚನೆ! ಗೋಡೆಗೆ ತೂಗುಹಾಕಬಹುದು, ಮೊಮ್ಮಗಳ ಮದುವೆಗೆಂದು ಎತ್ತಿಡಬಹುದು, ಅಥವಾ ಸಿಟ್ಟಿನಲ್ಲಿ ನನ್ನ ಮುಖಕ್ಕೇ ಎಸೆಯಬಹುದು. ಎಸೆದರೆ ಒಪ್ಪಿಕೊಳ್ಳುವುದು ಎಂದುಕೊಂಡೆ. ನೋಡಿ ನನ್ನ ಹೇಸಿಗೆಯನ್ನು, ಕ್ಷಮೆ ಕೇಳಲು ಹೋಗುವಾಗಲೂ ನಾನೇ ಆ ನಾಟಕದ ನಾಯಕಿ.

ಕಾಶವ್ವ ಅಂಗಳದಲ್ಲಿದ್ದಳು. ಆಗಷ್ಟೇ ಸೇದಿ ತಂದ ಕೊಡವೊಂದು ಪಕ್ಕದಲ್ಲಿ, ಇನ್ನೊಂದು ಖಾಲಿ ಕೊಡ ಮುಂದೆ. ಹೊಸ್ತಿಲ ಮೇಲೆ ಸಾವಂತ್ರಿ ಮೊಣಕಾಲನ್ನು ಹೊಟ್ಟೆಗೆ ಒತ್ತಿಕೊಂಡು ಕುಳಿತಿತ್ತು, ಮುಖ ಹುಳಿಯಾದ ಮಜ್ಜಿಗೆಯ ಹಾಗೆ ಬಿಳಿಚಿತ್ತು. ನಿಂತೇ ಎಲ್ಲ ಹೇಳಿದೆ, ಈಸವ್ವ ಕೇಳಿದ್ದು, ನಾನು ಹೇಳಿದ್ದು, ಸಭೆಯಲ್ಲಿ ಬಾಯಿ ಬಿಡದಿದ್ದದ್ದು, ತುಂಡು ಕಳಿಸಿದ್ದು. ಕಾಶವ್ವ ಖಾಲಿ ಕೊಡದ ಬಾಯಿ ಒರೆಸುತ್ತ ಕೇಳಿಸಿಕೊಂಡಳು.

"ಇದನ್ನ ನನ್ನ ಮುಂದ ಹೇಳಿದ್ರ ಏನ್ ಬಂತ್ರಿ ಅಕ್ಕಾರ," ಎಂದಳು ಕೊನೆಗೆ. "ನನಗ ಗೊತ್ತಿಲ್ಲದ್ದೇನ ಅದು? ಸಭಾದಾಗ ಹೇಳ್ರಿ. ನಿಮ್ಮ ಮಾವನ ಮುಂದ ಹೇಳ್ರಿ."

ಹೇಳಿದೆ. ಮುಂದಿನ ಸಭೆಯಲ್ಲಿ, ಮಾವನ ಮುಂದೆಯೇ, ಈಸವ್ವನ ಕಾಗದ ಓದಿ ಹೇಳಿದೆ. ಮೋರಿ ತಿರುಗಲು ಆಮೇಲೂ ಎರಡು ವರ್ಷ ಹಿಡಿಯಿತು. ಮಾವ ಕಣ್ಣು ಮುಚ್ಚುವವರೆಗೆ ನನ್ನ ಕೈಯ ನೀರು ಮುಟ್ಟಲಿಲ್ಲ. ಅದರಿಂದಾದ ರಂಪವನ್ನೆಲ್ಲ ಇಲ್ಲಿ ಬಿಚ್ಚುವುದು ಬೇಡ. ನನ್ನಲ್ಲಿ ಉಳಿದಿರುವುದು ಆ ಮಧ್ಯಾಹ್ನದ ಅಂಗಳ.

ರೇಷ್ಮೆಯ ಪಟ್ಟಿಯನ್ನು ಅವಳ ಕೈಗಿಟ್ಟೆ. ಚಿತ್ತಾರವನ್ನು ಅವಳು ನೋಡಲೇ ಇಲ್ಲ. ಮೂವತ್ತು ವರ್ಷ ನೂಲು ಹಿಂಡಿದ ಸೀಳು ಬೆರಳುಗಳ ನಡುವೆ ಅಂಚನ್ನು ತಿಕ್ಕಿದಳು, ಬಿಸಿಲಿಗೆ ಎತ್ತಿ ಹಿಡಿದು ಎಳೆಗಳ ಸಂದು ನೋಡಿದಳು.

"ಸಣ್ಣ ನೇಯ್ಗಿ," ಎಂದಳು. "ನಾ ಸೋಸೂ ಹಳೀ ಧೋತರಕ್ಕಿಂತ ಛಲೋ ಸೋಸತೈತಿ."

ಪಟ್ಟಿಯನ್ನು ನಾಲ್ಕು ಪದರ ಮಡಚಿ ಖಾಲಿ ಕೊಡದ ಬಾಯಿಗೆ ಹಾಸಿ, ಸುತ್ತ ದಾರ ಬಿಗಿದಳು. ಕರಗಿದ ಬಣ್ಣ ಸೋಸಿದರೆ ಹೋಗುವಂಥದ್ದಲ್ಲ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ತುಂಬಿದ ಕೊಡವನ್ನು ಓರೆ ಮಾಡಿ ಸಣ್ಣ ಧಾರೆಯಾಗಿ ಸುರಿಯತೊಡಗಿದಳು. ರೇಷ್ಮೆ ನಡುವೆ ಜಗ್ಗಿತು, ಬಿಳಿ ಬೇರುಗಳ ಮೇಲೆ ನಮ್ಮ ಕೇರಿಯ ಕೆಸರು ತೆಳ್ಳಗೆ ಕೂರುತ್ತ ಬಂತು. ಒಳಗೆ ತಳದಲ್ಲಿ ಹನಿ ಬೀಳುವ ಸದ್ದು ಕೇಳಿ ಸಾವಂತ್ರಿ ಮೆಲ್ಲಗೆ ಎದ್ದು, ಗೂಡಿನಿಂದ ಲೋಟ ತೆಗೆದುಕೊಂಡು ಬಂದು ಕೊಡದ ಪಕ್ಕದಲ್ಲಿ ಕುಳಿತುಕೊಂಡಿತು.